ಮೊದಲ ಕಿವಿ

ಮಣ್ಣೂರ, ತಾಲೂಕಾ ಅಫಜಲಪುರ
೨ ಜುಲೈ ೨೦೨೫

ಚಿರಂಜೀವಿ ಶಿವಕಾಂತಾಳಿಗೆ ನಿನ್ನಪ್ಪ ಮಾನಪ್ಪ ಪತ್ತಾರ ಮಾಡುವ ಆಶೀರ್ವಾದ.

ನಾನು ಆರಾಮ ಇದ್ದೇನೆ, ಮೊಣಕಾಲು ಮಾತ್ರ ಆರಾಮ ಇಲ್ಲ. ನೀನು ಮೊನ್ನೆ ಪಕ್ಕದ ಮನೆಯ ಲಾಡ್ಲೆಸಾಬನ ಫೋನಿಗೆ ಮಾಡಿದ್ದೆ. ಅವನು ಓಡಿ ಬಂದು ನನ್ನ ಕಿವಿಗೆ ಹಿಡಿದ. ನೀನು ಹೇಳಿದ್ದು ಇಡೀ ಓಣಿಗೆ ಕೇಳಿಸಿತು, ನನ್ನೊಬ್ಬನನ್ನು ಬಿಟ್ಟು. ನಲವತ್ತು ವರ್ಷ ಅಕ್ಕಸಾಲೆಯ ಸುತ್ತಿಗೆಯ ಸಪ್ಪಳ ಕೇಳಿದ ಕಿವಿ ಇವು, ಇನ್ನೆಷ್ಟು ಕೇಳಿಯಾವು. ಆದ್ದರಿಂದ ಕಾಗದವನ್ನೇ ಬರೆ. ಕಣ್ಣು ಇನ್ನೂ ಗಟ್ಟಿ ಇವೆ, ಕನ್ನಡಕ ಹಾಕಿಕೊಂಡರೆ ಸಾಸಿವೆ ಕಾಳಿಗೂ ತೂತು ಕೊರೆದೇನು.

ಈ ಸಲ ಶ್ರಾವಣದ ಮೂರನೆಯ ಸೋಮವಾರ ಆಗಸ್ಟ್ ಹನ್ನೊಂದಕ್ಕೆ ಬಂದಿದೆ. ಈಗಲೇ ಕಿವಿ ಚುಚ್ಚಿಸಲು ಮೂವತ್ತೆಂಟು ಹುಡುಗಿಯರ ಹೆಸರು ಹೇಳಿ ಹೋಗಿದ್ದಾರೆ, ಹೊಳೆಯಾಚೆಯವರೂ ಬರುತ್ತಾರಂತೆ. ಅಫಜಲಪುರದಲ್ಲಿ ಪಿಸ್ತೂಲಿನಂಥ ಯಂತ್ರ ಹಿಡಿದು ಟಪ್ಪೆಂದು ಹೊಡೆಯುವ ಅಂಗಡಿ ಬಂದಿದೆ. ಆದರೂ ನಮ್ಮ ಬೇವಿನ ಕಟ್ಟೆ ಬಿಟ್ಟು ಯಾರೂ ಹೋಗಿಲ್ಲ. "ಮಾನಪ್ಪನ ಕೈ ತಂಪದ, ಕೂಸು ಅಳೂದ್ರೊಳಗ ಮುಗಿದಿರ್ತದ" ಎನ್ನುತ್ತಾರೆ ಹೆಣ್ಣುಮಕ್ಕಳು. ನಾನು ಕೇಳಿಸದವನ ಹಾಗೆ ಕೂತಿರುತ್ತೇನೆ. ಅಂಥ ಮಾತು ಮಾತ್ರ ನನಗೆ ಚೆನ್ನಾಗಿ ಕೇಳಿಸುತ್ತದೆ.

ನೀನು ಭಾನುವಾರದ ಬಸ್ಸಿಗೇ ಬಂದುಬಿಡು. ಮೊದಲ ಕಿವಿ ನಮ್ಮ ಮನೆಯದೇ ಆಗಬೇಕಲ್ಲ. ನಮ್ಮವ್ವ ಕೂಡುತ್ತಿದ್ದಳು, ಆಮೇಲೆ ನಿಮ್ಮವ್ವ, ಅವಳು ತೀರಿಕೊಂಡ ವರ್ಷದಿಂದ ನೀನು. ಒಂಬತ್ತು ವರ್ಷದ ಹುಡುಗಿ ಹೂಂ ಅನ್ನದೆ ಊಹೂಂ ಅನ್ನದೆ ಕೂತಿದ್ದೆ. ನಿನ್ನ ಹಳೆಯ ತೂತಿನ ಪಕ್ಕ ಸೂಜಿ ತಾಗಿ ಒಂದು ಹನಿ ರಕ್ತ ಕಂಡ ಮೇಲೆಯೇ ಅದೇ ಸೂಜಿ ಊರ ಮಕ್ಕಳ ಕಿವಿಗೆ. ನೋವು ಏನಿದ್ದರೂ ಮೊದಲು ಪತ್ತಾರನ ಮನೆಗೆ ಬರಲಿ ಎಂದು ಹಿರಿಯರು ಮಾಡಿಟ್ಟದ್ದು. ಮುತ್ತಜ್ಜನ ಆ ಚಿನ್ನದ ಸೂಜಿಯನ್ನು ನಿನ್ನೆ ತೆಗೆದು ಬೆಣ್ಣೆ ಹಚ್ಚಿ ಒರೆಸಿ ಇಟ್ಟಿದ್ದೇನೆ.

ಅಂದಹಾಗೆ ನಿಂಬೆವ್ವನ ಮಗಳು ಸೀಮಾ ಚೌಡಾಪುರದಿಂದ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಏಳು ತಿಂಗಳು. ನೀನು ಮೊದಲ ಸಲ ಕೂತ ವರ್ಷ ನಿನ್ನ ಹಿಂದೆಯೇ ಕೂತು ಮೇಲ್ಗಿವಿಗೆ ಬುಗುಡಿ ಚುಚ್ಚಿಸಿಕೊಂಡವಳಲ್ಲವೆ, ಅದಕ್ಕೇ ಇನ್ನೂ ನಿನ್ನನ್ನು ಸೂಜಿಗೆಳತಿ ಎನ್ನುತ್ತಾಳೆ. "ಕಾಕಾ, ಶಿವಿ ಯಾವಾಗ ಬರ್ತಾಳ?" ಎಂದು ದಿನಾ ಕಟ್ಟೆಗೆ ಬಂದು ಕೇಳುತ್ತಾಳೆ. ಏನು ಹೇಳಲಿ, ಬರೆ.

ನಿನ್ನ ಅಪ್ಪ


ನರ್ಸಿಂಗ್ ಹಾಸ್ಟೆಲ್, ಜೇವರ್ಗಿ
೯ ಜುಲೈ ೨೦೨೫

ಅಪ್ಪನಿಗೆ ಶಿವಿಯ ನಮಸ್ಕಾರ.

ನಿನ್ನ ಕಾಗದ ಶನಿವಾರವೇ ಬಂತು. ಉತ್ತರ ಬರೆಯಲು ನಾಲ್ಕು ದಿನದಿಂದ ಕೂಡುವುದು, ಏಳುವುದು. ಆಗಸ್ಟ್ ಹನ್ನೊಂದಕ್ಕೆ ನನಗೆ ಬರಲು ಆಗುವುದಿಲ್ಲ. ಅಂದು ವಾರ್ಡಿನಲ್ಲಿ ನಿಲ್ಲಿಸಿ ಕೇಳುವ ಪರೀಕ್ಷೆ ಇದೆ. ರಜೆ ಕೇಳಿದರೆ ಬೈಸಿಕೊಳ್ಳಬೇಕು.

ಇನ್ನೊಂದು ಮಾತಿದೆ. ಕನ್ನಡಕ ತೆಗೆದಿಡಬೇಡ, ಪೂರ್ತಿ ಓದು. ಈ ವರ್ಷ ಆ ಚಿನ್ನದ ಸೂಜಿಯನ್ನು ಹೊರಗೆ ತೆಗೆಯಬೇಡ. ನಮಗೆ ಪಾಠ ಹೇಳುವ ಹಮೀದಾಬೇಗಂ ಮೇಡಂ ಆಳಂದದವರು, ಅವ್ವನ ತವರಿನ ಕಡೆಯವರು. ಅವರು ಮೊನ್ನೆ ಸೂಜಿ ಕೈಯಲ್ಲಿ ಹಿಡಿದು ಹೇಳಿದರು: "ಒಂದು ಸೂಜಿಗೆ ಒಂದೇ ಕಿವಿ ಬೇಟಾ. ಎರಡನೇದಕ್ಕ ಹೋತಂದ್ರ ಒಬ್ಬರ ರಕ್ತ ಇನ್ನೊಬ್ಬರಿಗಿ ಟಪಾಲು ಒಯ್ದಂಗ ಒಯ್ತದ." ಬೆಣ್ಣೆಯಿಂದ ಒರೆಸಿದರೆ ಅದು ಹೋಗುವುದಿಲ್ಲ ಅಪ್ಪಾ. ಕಣ್ಣಿಗೆ ಕಾಣದಷ್ಟು ರಕ್ತ ಒಣಗಿ ಅಂಟಿದ್ದರೂ ಅದರೊಳಗಿನ ರೋಗ ಏಳು ದಿನ ಜೀವಂತ ಇರುತ್ತದಂತೆ. ನೀನು ಮೂವತ್ತೆಂಟು ಮಕ್ಕಳ ಕಿವಿಯನ್ನು ಒಂದು ಮಧ್ಯಾಹ್ನದಲ್ಲಿ ಚುಚ್ಚಿ ಮುಗಿಸುತ್ತೀ.

ಬೆಂಕಿ ಕಂಡ ಚಿನ್ನ ಕಿವಿ ಸುಡುತ್ತದೆ ಎಂದು ಹಿರಿಯರು ಹೇಳಿದ್ದಾರೆ, ನೀನು ಕಾಯಿಸುವುದಿಲ್ಲ, ಗೊತ್ತು. ಕಾಯಿಸುವುದೂ ಬೇಡ. ಔಷಧಿ ಅಂಗಡಿಯಲ್ಲಿ ಕಾಗದದ ಚೀಲದಲ್ಲಿ ಮುಚ್ಚಿಟ್ಟ ಹೊಸ ಸೂಜಿ ಸಿಗುತ್ತವೆ, ಒಬ್ಬೊಬ್ಬಳಿಗೆ ಒಂದೊಂದು ಬಿಚ್ಚು, ಮುಗಿದೊಡನೆ ಮುಚ್ಚಳ ಇರುವ ಗಟ್ಟಿ ಡಬ್ಬಿಗೆ ಹಾಕು. ಕೈ ಸಾಬೂನಿನಿಂದ ತೊಳೆದು ಕೈಗವಸು ಹಾಕಿಕೋ, ಮಗು ಬದಲಾದಾಗ ಅದನ್ನೂ ಬದಲಿಸು. ಕಿವಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಆರಲು ಬಿಡು. ಗುರುತು ಹಾಕುವುದು, ಎರಡೂ ಕಿವಿ ಸಮ ನೋಡುವುದು ನಿನ್ನಷ್ಟು ಚೆನ್ನಾಗಿ ಇಲ್ಲಿ ಯಾರಿಗೂ ಬರುವುದಿಲ್ಲ, ಅದನ್ನು ನಾನು ಎಲ್ಲರ ಮುಂದೆ ಹೇಳಿದ್ದೇನೆ. ತೂತಿಗೆ ಹಾಕುವ ಚಿನ್ನದ ತಂತಿಯೂ ನಿನ್ನದೇ ಒಳ್ಳೆಯದು, ಹಿತ್ತಾಳೆ ಬೆರೆತದ್ದು ಹಾಕಿದರೆ ಕಿವಿ ಕೆರೆದು ಕೆಂಪಾಗುತ್ತದೆ.

ಆಮೇಲೆ ತಾಯಂದಿರಿಗೆ ಹೇಳು: ಅರಿಶಿನ, ಕೊಬ್ಬರಿ ಎಣ್ಣೆ, ಬೂದಿ ಯಾವುದೂ ಬೇಡ. ಕಾಯಿಸಿ ಆರಿಸಿದ ನೀರಿಗೆ ಚೂರು ಉಪ್ಪು ಹಾಕಿ ದಿನಕ್ಕೆ ಎರಡು ಸಲ ತೊಳೆದರೆ ಸಾಕು. ತಂತಿಯನ್ನು ತಿರುಗಿಸುತ್ತ ಕೂಡಬಾರದು. ಕೆಳಗಿನ ಕಿವಿ ಮಾಯಲು ಒಂದೂವರೆ ಎರಡು ತಿಂಗಳು. ಮೇಲ್ಗಿವಿ ಮೆದು ಎಲುಬು, ಆರು ತಿಂಗಳಾದರೂ ಬೇಕು, ಅಲ್ಲಿ ಕೀವಾದರೆ ಕಿವಿಯ ಆಕಾರವೇ ಮುದುಡಿಹೋಗುತ್ತದೆ. ಬಾತು ಜ್ವರ ಬಂದರೆ ಒಂದು ದಿನವೂ ಕಾಯದೆ ದವಾಖಾನೆಗೆ ಒಯ್ಯಲಿ.

ಅವ್ವನಿಗೆ ಆಗಿದ್ದು ಯಾವ ಕಾಮಾಲೆ? ಸೊಲ್ಲಾಪುರದ ದವಾಖಾನೆಯ ಕಾಗದ ಟ್ರಂಕಿನಲ್ಲಿ ಏನಾದರೂ ಇದೆಯೇ? ಸುಮ್ಮನೆ ಕೇಳಿದೆ, ಪಾಠದಲ್ಲಿ ಬಂತು. ಸೀಮಾಳ ದವಾಖಾನೆಯ ತಾಯಿಕಾರ್ಡಿನಲ್ಲಿ ರಕ್ತದ ಪರೀಕ್ಷೆಗಳು ಎಲ್ಲ ಆಗಿವೆಯೇ ನೋಡು ಅಂತ ನಿಂಬೆವ್ವ ಚಿಗವ್ವಗೆ ಹೇಳು. ಮರೆಯಬೇಡ.

ಶಿವಿ


ಜೇವರ್ಗಿ
೧೦ ಜುಲೈ ೨೦೨೫

ಅಪ್ಪಾ, ನಿನ್ನೆಯ ಕಾಗದ ಡಬ್ಬಿಗೆ ಹಾಕಿ ಬಂದೆ. ಇದನ್ನು ಹಾಕುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ಬರೆಯದಿದ್ದರೆ ಮಾತ್ರ ಇವತ್ತು ಊಟ ಇಳಿಯುವುದಿಲ್ಲ.

ಪರೀಕ್ಷೆ ಏನೂ ಇಲ್ಲ. ಸುಳ್ಳು ಹೇಳಿದೆ.

ಹೋದ ತಿಂಗಳು ನಮಗೆಲ್ಲ ಕಾಮಾಲೆಯ ಲಸಿಕೆ ಹಾಕುವ ಮೊದಲು ರಕ್ತ ನೋಡಿದರು. ನಲವತ್ತು ಹುಡುಗಿಯರಲ್ಲಿ ನನ್ನೊಬ್ಬಳನ್ನು ಹಮೀದಾಬೇಗಂ ಮೇಡಂ ಕೋಣೆಗೆ ಕರೆದರು. ಹೆಪಟೈಟಿಸ್ ಬಿ. ರಕ್ತದಲ್ಲಿರುವ ಕಾಮಾಲೆ. ಮತ್ತೆ ನೋಡಿದರು, ಮತ್ತೆ ಅದೇ ಬಂತು. ಡಾಕ್ಟರು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿ ಲಿವರು ಚೆನ್ನಾಗಿದೆ ಎಂದರು, ಆರು ತಿಂಗಳಿಗೊಮ್ಮೆ ತೋರಿಸುತ್ತಿರಬೇಕು, ಓದು ಬಿಡಬೇಕಿಲ್ಲ ಎಂದರು. ಬಹುಶಃ ಹುಟ್ಟುವಾಗಲೇ ತಾಯಿಯಿಂದ ಬಂದಿರಬೇಕು, ಬೇರೆ ಕಡೆಯಿಂದಲೂ ಬಂದಿರಬಹುದು, ಈಗ ಹೇಳಲಾಗದು ಎಂದರು. ನಾನು ಹೂಂ ಹೂಂ ಅನ್ನುತ್ತ ಕೂತಿದ್ದೆ. ನನ್ನ ಯೋಚನೆ ಲಿವರಿನ ಮೇಲೆ ಇರಲೇ ಇಲ್ಲ.

ನಾನು ಹತ್ತು ಶ್ರಾವಣ ಎಲ್ಲರಿಗಿಂತ ಮೊದಲು ಕೂತಿದ್ದೇನೆ ಅಪ್ಪಾ. ನನ್ನ ಹನಿ ಹತ್ತಿದ ಸೂಜಿ ಸೀಮಾಳ ಕಿವಿಗೆ ಹೋಗಿದೆ. ಅವಳ ಹಿಂದೆ ಯಾರು ಯಾರಿದ್ದರು ಎಂದು ವರ್ಷ ವರ್ಷ ಹಿಂದಕ್ಕೆ ಹೋಗಿ ನೆನಪಿಸಿಕೊಳ್ಳುತ್ತೇನೆ. ಊಟದ ಸಾಲಿನಲ್ಲಿ ನಿಂತಾಗ, ಬಟ್ಟೆ ಒಗೆಯುವಾಗ ಅದೇ ನಡೆದಿರುತ್ತದೆ. ಕೆಲವರ ಹೆಸರು ನೆನಪಾಗುವುದಿಲ್ಲ, ಬರೀ ಎಣ್ಣೆ ಹಚ್ಚಿದ ತಲೆ, ಎರಡು ಜಡೆ ಕಾಣುತ್ತವೆ. ನೋವು ಮೊದಲು ನಮ್ಮ ಮನೆಗೆ ಬರಲಿ ಎಂದು ಕೂತವಳು ನಾನು. ಎಲ್ಲರ ಮನೆಗೂ ನಾನೇ ಕೊಟ್ಟು ಬಂದೆನೇನೋ.

ನಿನಗೆ ಹೇಗೆ ಹೇಳಲಿ? ಊರಿಗೆ ಗೊತ್ತಾದರೆ ನಿನ್ನ ಕಟ್ಟೆಗೆ ಯಾರೂ ಬರುವುದಿಲ್ಲ. ನಮ್ಮ ಮನೆಯ ನೀರು ಕುಡಿಯುವುದಿಲ್ಲ. ನೀರಿನಿಂದ, ಊಟದಿಂದ, ಕೈ ಹಿಡಿದರೆ ಇದು ಬರುವುದಿಲ್ಲ ಎಂದು ನಾನು ಎಷ್ಟು ಬಡಿದುಕೊಂಡರೂ ಯಾರು ಕೇಳುತ್ತಾರೆ? ಮೊದಲು ನೀನಾದರೂ ಕೇಳುತ್ತೀಯೋ ಇಲ್ಲವೋ.


ಮಣ್ಣೂರ
೧೮ ಜುಲೈ ೨೦೨೫

ಶಿವಕಾಂತಾಳಿಗೆ,

ನಿನ್ನ ಕಾಗದ ಓದಿದೆ. ಎರಡು ಸಲ ಓದಿದೆ. ಇಷ್ಟು ಉದ್ದ ಕಾಗದ ನನ್ನ ಮೊಣಕಾಲು ಹೇಗಿದೆ ಎಂದು ಕೇಳಲು ಬರೆದಿದ್ದರೆ ಸಂತೋಷಪಡುತ್ತಿದ್ದೆ.

ಅರ್ಥವಾಯಿತು. ಜೇವರ್ಗಿಯಲ್ಲಿ ಬಿಳಿ ಕೋಟು ಹಾಕಿದ ಮೇಲೆ ಅಪ್ಪ ನೆಲದ ಮೇಲೆ ಕೂತು ಕಿವಿ ಚುಚ್ಚುವವನು ಎಂದು ಹೇಳಿಕೊಳ್ಳಲು ನಾಚಿಕೆ ಬಂದಿದೆ. ಜೊತೆಯವರು ನಿನ್ನ ಕಿವಿತೂತಿನ ಪಕ್ಕದ ಗಾಯದ ಸಾಲು ನೋಡಿ ನಕ್ಕಿರಬೇಕು. ನಕ್ಕರೆ ನಗಲಿ. ಅದೇ ಕೈಯಿಂದ ದುಡಿದ ಅನ್ನ ತಿಂದು ನೀನು ಅಲ್ಲಿ ಕೂತಿದ್ದೀ.

ಮೂರು ತಲೆಮಾರಿನಲ್ಲಿ ಯಾರ ಕಿವಿ ಕೆಟ್ಟಿದೆ ಹೇಳು ನೋಡೋಣ. ಒಂದೇ ಒಂದು ಕೆಟ್ಟದ್ದು, ಹೋದ ವರ್ಷ, ಅದೂ ಆ ಹುಡುಗಿಯ ಅಜ್ಜಿ ತಂತಿ ತೆಗೆದು ಕಸಬರಿಗೆ ಕಡ್ಡಿ ಸಿಕ್ಕಿಸಿದ್ದಕ್ಕೆ. ನನ್ನ ಸೂಜಿಯಿಂದಲ್ಲ. ಅರಿಶಿನ ಹಚ್ಚಬಾರದಂತೆ. ಇನ್ನು ಮೇಲೆ ಸಾರಿಗೂ ಹಾಕಬಾರದು ಎಂದು ನಿಮ್ಮ ಮೇಡಂ ಹೇಳಿದರೆ ಅದನ್ನೂ ಬರೆ.

ನಿಮ್ಮವ್ವಗ ಕಾಮಾಲಿ ಆಗಿತ್ತು, ಸತ್ತಳು. ಅಷ್ಟೇ. ಅದರ ಕಾಗದ ಪತ್ರ ಇಟ್ಟುಕೊಂಡು ಪೂಜೆ ಮಾಡಬೇಕಿತ್ತೇನು? ಸತ್ತವಳನ್ನು ಪಾಠದ ಪುಸ್ತಕಕ್ಕೆ ಎಳೆಯಬೇಡ.

ನೀನು ಬರದಿದ್ದರೆ ಕೆಲಸ ನಿಲ್ಲುವುದಿಲ್ಲ. ಸೀಮಾ ತಾನೇ ಬಾಯಿ ಬಿಟ್ಟು ಹೇಳಿದಳು: "ಕಾಕಾ, ಶಿವಿ ಬರಲಿಲ್ಲಂದ್ರ ನಾ ಕೂಡ್ತೇನಿ. ನಾನೂ ನಿಮ್ಮ ಮನಿ ಮಗಳೇ ಅಲ್ಲೇನು?" ನಿಂಬೆವ್ವ ಬಸುರಿ ಹೆಣ್ಣುಮಗಳಿಗೆ ಬೇಡ ಎಂದು ಗುಣುಗುಟ್ಟಿದಳು, ಆಮೇಲೆ ಒಪ್ಪಿದಳು. ಅವಳ ಮೊದಲ ಹನಿಯೇ ಆಗಲಿ. ನೀನು ನಿನ್ನ ಪರೀಕ್ಷೆ ಬರಕೋ.

ಮಾನಪ್ಪ ಪತ್ತಾರ


ಜೇವರ್ಗಿ
೨೩ ಜುಲೈ ೨೦೨೫

ಅಪ್ಪಾ,

ಇದರೊಳಗೆ ಇನ್ನೊಂದು ಕಾಗದ ಮಡಚಿ ಇಟ್ಟಿದ್ದೇನೆ. ಜುಲೈ ಹತ್ತಕ್ಕೆ ಬರೆದು ದಿಂಬಿನ ಕೆಳಗೆ ಇಟ್ಟುಕೊಂಡದ್ದು. ಮೊದಲು ಅದನ್ನು ಓದು, ಆಮೇಲೆ ಇದನ್ನು.

ಓದಿದೆಯಲ್ಲ. ಈಗ ಹೇಳು, ನನಗೆ ಯಾವುದರ ನಾಚಿಕೆ.

ಸೀಮಾ ಕೂಡಬಾರದು. ಯಾರೂ ಕೂಡಬಾರದು. ಅವಳಿಗೂ ಇದು ಬಂದಿದ್ದರೆ, ಹೆರಿಗೆಯಾದ ಹನ್ನೆರಡು ತಾಸಿನೊಳಗೆ ಕೂಸಿಗೆ ಎರಡು ಸೂಜಿಮದ್ದು ಬೀಳಬೇಕು, ಆಮೇಲಿನ ಲಸಿಕೆಗಳೂ ತಪ್ಪಬಾರದು. ಬಿದ್ದರೆ ಕೂಸು ಬಹಳ ಮಾಡಿ ಉಳಿಯುತ್ತದೆ. ಬೀಳದಿದ್ದರೆ ಜೀವನಪೂರ್ತಿ ಇದನ್ನು ಹೊರಬೇಕು, ನನ್ನ ಹಾಗೆ, ಅವ್ವನ ಹಾಗೆ ಎಂದು ನಾನು ಅಂದುಕೊಂಡಿದ್ದೇನೆ. ಅವಳ ರಕ್ತ ನೋಡದೆ ಡಾಕ್ಟರಿಗೆ ಅದು ಗೊತ್ತಾಗುವುದು ಹೇಗೆ? ಅವಳಿಗೆ ಹೇಳುವವನು ನೀನೊಬ್ಬನೇ. ಅವಳ ಹತ್ತಿರ ಫೋನಿಲ್ಲ, ನಾನು ಲಾಡ್ಲೆಸಾಬ ಕಾಕಾನ ಫೋನಿನಲ್ಲಿ ಹೇಳಿದರೆ ಓಣಿಗೆಲ್ಲ ಕೇಳಿಸುತ್ತದೆ. ಅವಳ ಮನೆಗೆ ಹೋಗಿ ಮೆಲ್ಲಗೆ ಹೇಳು, ದವಾಖಾನೆಗೆ ಕರೆದುಕೊಂಡು ಹೋಗು. ನೀನೂ ರಕ್ತ ಕೊಡು.

ಸಿಟ್ಟಾದರೆ ನನ್ನ ಮೇಲೆ ಸಿಟ್ಟಾಗು. ಉತ್ತರ ಮಾತ್ರ ತಡ ಮಾಡಬೇಡ. ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ.

ಶಿವಿ


ಜೇವರ್ಗಿ
೨ ಆಗಸ್ಟ್ ೨೦೨೫

ಅಪ್ಪಾ,

ಹತ್ತು ದಿನವಾಯಿತು. ಕಾಗದ ಮುಟ್ಟಿದೆ, ಪೋಸ್ಟಿನವರು ಸಹಿ ತೋರಿಸಿದರು, ನಿನ್ನದೇ ಸಹಿ.

ಪಂಚಮಿ ಹಬ್ಬ ಬಂದು ಹೋಯಿತು. ಹಾಸ್ಟೆಲಿನ ಹುಡುಗಿಯರೆಲ್ಲ ಊರಿಗೆ ಹೋಗಿ ಉಂಡಿ ಕಟ್ಟಿಕೊಂಡು ಬಂದರು. ನಾನು ಒಬ್ಬಳೇ ಕಾರಿಡಾರಿನಲ್ಲಿ ಈ ತುದಿಯಿಂದ ಆ ತುದಿಗೆ ತಿರುಗಿದೆ. ವಾಚ್‌ಮನ್ ಯಾಕವ್ವಾ ಏನು ಕಳಕೊಂಡಿ ಎಂದು ಎರಡು ಸಲ ಕೇಳಿದ.

ಲಾಡ್ಲೆಸಾಬ ಕಾಕಾನಿಗೆ ಫೋನು ಮಾಡಿದೆ. ಅಪ್ಪನನ್ನು ಕರೆಯಬೇಡಿ, ಹೇಗಿದ್ದಾನೆ ಅಷ್ಟು ಹೇಳಿ ಎಂದೆ. "ಅಂಗಡಿ ಬಾಗಿಲಾ ತೆಗದಿಲ್ಲವ್ವಾ ಒಂದು ವಾರದಿಂದ. ಕೇಳಿದ್ರ ಮೊಣಕಾಲು ಅಂತಾನ. ಸಂಜಿಮುಂದ ನಿಂಬೆವ್ವನ ಮನಿ ತನಕ ಹೋಗ್ತಾನ, ಬಾಗಿಲ ಮುಂದ ನಿಂದರ್ತಾನ, ಹೊಳ್ಳಿ ಬರ್ತಾನ" ಎಂದರು. ಅಂದರೆ ನೀನು ಹೇಳಿಲ್ಲ.

ನನಗೆ ಬೇರೆ ಏನೂ ಬೇಡ. ನನ್ನನ್ನು ಸಮಾಧಾನ ಮಾಡುವುದೂ ಬೇಡ. ನಿನ್ನ ಹೆಸರು, ನಿನ್ನ ಕಟ್ಟೆ, ನಿನ್ನ ಮುತ್ತಜ್ಜನ ಸೂಜಿ, ಅವುಗಳ ಮುಂದೆ ಸೀಮಾಳ ಕೂಸು ನಿನಗೆ ಇಷ್ಟು ಸಣ್ಣದಾಯಿತೇ? ಇಂಥ ಹಟದವನು ನನ್ನಪ್ಪ ಎಂದು ನನಗೆ ಗೊತ್ತಿರಲಿಲ್ಲ. ಹೇಳಿದೆಯೋ ಇಲ್ಲವೋ, ಒಂದೇ ಸಾಲು ಬರೆ. ಬುಧವಾರದೊಳಗೆ ಬರದಿದ್ದರೆ ನಾನೇ ಬಂದು ನಿಂಬೆವ್ವ ಚಿಗವ್ವನ ಅಂಗಳದಲ್ಲಿ ನಿಂತು ಹೇಳುತ್ತೇನೆ.

ಶಿವಕಾಂತಾ


ಮಣ್ಣೂರ
೬ ಆಗಸ್ಟ್ ೨೦೨೫

ಶಿವಿ, ಯವ್ವಾ,

ಹೇಳಿದೆ. ನೀನು ಕೇಳಿದ ಒಂದು ಸಾಲು ಅದು. ಮಿಕ್ಕದ್ದು ನೀನು ಕೇಳದೇ ಇರುವುದು.

ಹಟ ಅಲ್ಲ ಯವ್ವಾ. ಹಟವಾಗಿದ್ದರೆ ಎಷ್ಟೋ ಚಲೋ ಇತ್ತು.

ನಿಮ್ಮವ್ವನ ಕಾಗದ ಟ್ರಂಕಿನಲ್ಲಿ ಇದೆ. ತಳದಲ್ಲಿ, ಅವಳ ಮದುವೆ ಸೀರೆಯ ಮಡಿಕೆಯೊಳಗೆ. ಸೊಲ್ಲಾಪುರದ ಡಾಕ್ಟರು ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂಡಿಸಿ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಹೇಳಿದ್ದರು. ಇದು ರಕ್ತದಿಂದ ಹರಡುವ ಕಾಮಾಲಿ, ನಿನ್ನ ರಕ್ತ ನೋಡಿಸು, ಮಗಳದ್ದು ತಪ್ಪದೇ ನೋಡಿಸು ಎಂದು. ಅಂದು ನನ್ನ ಕಿವಿ ಇಷ್ಟು ಕೆಟ್ಟಿರಲಿಲ್ಲ. ಎಲ್ಲ ಕೇಳಿಸಿತು. ಬಸ್ಸಿನಲ್ಲಿ ಬರುವಾಗ, ಮರಾಠಿಯಲ್ಲಿ ಹೇಳಿದ್ದು ನನಗೆ ಪೂರ್ತಿ ತಿಳಿಯಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹತ್ತು ವರ್ಷ ಅದನ್ನೇ ಹೇಳಿಕೊಂಡೆ.

ಅವಳು ಹೋಗಿ ನಾಲ್ಕು ತಿಂಗಳಿಗೆ ಶ್ರಾವಣ ಬಂತು. ಈ ವರ್ಷ ಮೊದಲ ಕಿವಿ ಯಾರದು ಎಂದು ಜನ ಕೇಳಿದರು. ನಿನ್ನನ್ನು ಕೂಡಿಸದಿದ್ದರೆ ಯಾಕೆ ಎಂದು ಕೇಳುತ್ತಿದ್ದರು. ಉತ್ತರ ನನಗೆ ಗೊತ್ತಿತ್ತು. ಹೇಳುವ ಧೈರ್ಯ ಇರಲಿಲ್ಲ. ಹುಡುಗಿ ಮೈಕೈ ತುಂಬಿಕೊಂಡು ಚೆಂದ ಇದ್ದಾಳೆ, ಇವಳಿಗೆ ಏನಾಗಿರುತ್ತದೆ ಎಂದು ಕೂಡಿಸಿದೆ. ನಿನ್ನ ಕಿವಿಯಿಂದ ಹನಿ ಬಂತು. ಬೆಣ್ಣೆ ಹಚ್ಚಿ ಸೂಜಿಯನ್ನು ಎರಡು ಸಲ ಒರೆಸಿದೆ. ಯಾವಾಗಲೂ ಒಂದು ಸಲ ಒರೆಸುವವನು ಅಂದು ಎರಡು ಸಲ ಒರೆಸಿದೆ. ನಾನು ಮಾಡಿದ್ದು ಅಷ್ಟೇ. ಆಮೇಲೆ ಸೀಮಾಳನ್ನು ಕರೆದೆ.

ನಿನ್ನ ಮೊದಲ ಕಾಗದದಲ್ಲಿ ಅವ್ವನ ಕಾಮಾಲೆ ಯಾವುದು ಎಂದು ಓದಿದಾಗಲೇ ನನಗೆ ತಿಳಿಯಿತು. ಅದಕ್ಕೇ ನಾಚಿಕೆ ಗೀಚಿಕೆ ಎಂದು ಬಾಯಿಗೆ ಬಂದದ್ದು ಬರೆದೆ. ಬೈದರೆ ನೀನು ಕೇಳುವುದು ಬಿಡುತ್ತೀ ಎಂದುಕೊಂಡೆ.

ಐದು ಸಂಜೆ ನಿಂಬೆವ್ವನ ಬಾಗಿಲ ತನಕ ಹೋಗಿ ತಿರುಗಿ ಬಂದೆ. ನಿನ್ನ ಈ ಕಡೆಯ ಕಾಗದ ಬಂದ ದಿನ ಒಳಗೆ ಹೋದೆ. ನಿಂಬೆವ್ವ ಚಹಾ ಇಟ್ಟಳು. ಕುಡಿಯದೇ ಹೇಳಿದೆ, ಕುಡಿದ ಮೇಲೆ ಹೇಳಿದರೆ ಮೋಸವಾಗುತ್ತದೆ ಎನಿಸಿತು. ಎಲ್ಲ ಹೇಳಿದೆ, ಸೊಲ್ಲಾಪುರದ್ದೂ ಹೇಳಿದೆ. ಸೀಮಾ ಗೋಡೆಗೆ ಒರಗಿ ಕೂತಿದ್ದಳು. ಅವಳು ಮೊದಲು ಕೇಳಿದ್ದು ಏನು ಗೊತ್ತೇ?

"ಕಾಕಾ, ಶಿವಿ ಹೆಂಗದಾಳ?"

ನಿಂಬೆವ್ವ ಮಾತ್ರ ಎದ್ದು ನಿಂತಳು.

"ಮಾನಪ್ಪಣ್ಣ, ನನ್ನ ಗಂಡಗ ಸುದ್ದಾ ನಾ ಇಷ್ಟು ನಂಬಿದ್ದಿಲ್ಲ. ಮಗಳ ಕಿವಿ ಹಿಡದು ನಿನ್ನ ಕೈಯಾಗ ಕೊಟ್ಟಿದ್ನಿ. ಗೊತ್ತಿದ್ದೂ ಚುಚ್ಚಿದೇನು?"

"ಗೊತ್ತಿದ್ದೂ ಚುಚ್ಚಿದೆ" ಎಂದೆ. ಬೇರೆ ಏನು ಹೇಳಲಿ?

"ಇನ್ನ ಈ ಹೊಸ್ತಿಲ ತುಳಿಬ್ಯಾಡ."

ಮರುದಿನ ಬೆಳಿಗ್ಗೆ ಅವರು ಅಫಜಲಪುರಕ್ಕೆ ಹೋಗುವ ಜೀಪಿನಲ್ಲಿ ನಾನೂ ಹಿಂದಿನ ಸೀಟಿನಲ್ಲಿ ಹತ್ತಿದೆ. ನಿಂಬೆವ್ವ ನೋಡಿದಳು, ಇಳಿ ಎನ್ನಲಿಲ್ಲ. ಚೌಡಾಪುರದಲ್ಲಿ ರಕ್ತ ತೆಗೆದ ದಿನ ಸೀಮಾ ಯಾರದೋ ಮದುವೆಗೆ ಹೋಗಿದ್ದಳಂತೆ, ಕಾರ್ಡಿನಲ್ಲಿ ಆ ಖಾನೆ ಖಾಲಿಯೇ ಇತ್ತು. ಇಬ್ಬರ ರಕ್ತ ನೋಡಿದರು. ನನಗೆ ಇಲ್ಲ. ಅವಳಿಗೆ ಇದೆ.

ಅಲ್ಲಿಯ ಡಾಕ್ಟರಮ್ಮ ಒಳ್ಳೆಯವರು. ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದರು, ಹೆರಿಗೆ ದವಾಖಾನೆಯಲ್ಲೇ ಆಗಬೇಕು, ಕೂಸಿನ ಎರಡೂ ಸೂಜಿಮದ್ದು ತರಿಸಿ ಇಡುತ್ತೇವೆ, ಮೊಲೆ ಹಾಲು ಕುಡಿಸಬಹುದು ಎಂದರು. ಸೀಮಾಳಿಗೆ ಇನ್ನೂ ಒಂದು ರಕ್ತ ಪರೀಕ್ಷೆ ಕಲಬುರಗಿಗೆ ಕಳಿಸಿದ್ದಾರೆ, ಅದನ್ನು ನೋಡಿ ಗುಳಿಗೆ ಬೇಕೋ ಬೇಡವೋ ಹೇಳುತ್ತಾರಂತೆ. ನನ್ನ ಸೂಜಿಯಿಂದಲೇ ಬಂತೇನ್ರಿ ಎಂದು ಕೇಳಿದೆ. ಹೇಳಲು ಬರುವುದಿಲ್ಲ ಯಜಮಾನರೇ ಎಂದರು. ಅದು ನನಗೆ ಸಮಾಧಾನ ಕೊಡಲಿಲ್ಲ, ನೀನು ಬೇಜಾರು ಮಾಡಿಕೊಳ್ಳಬೇಡ.

ಈಗ ಸೋಮವಾರದ್ದು ಏನು ಮಾಡಲಿ? ನಲವತ್ತೊಂದು ಹೆಸರಾಗಿವೆ. ನಿಂಬೆವ್ವ ಯಾರಿಗೂ ಹೇಳಿಲ್ಲ, ಮಗಳ ಸಂಸಾರದ ಹೆದರಿಕೆ ಅವಳಿಗೆ. ಕೈಗೆ ಪೆಟ್ಟಾಗಿದೆ, ಈ ವರ್ಷ ಚುಚ್ಚುವುದಿಲ್ಲ ಎಂದು ಲಾಡ್ಲೆಸಾಬನ ಬಾಯಲ್ಲಿ ಹೇಳಿ ಕಳಿಸಲೇ? ನೀನು ಹೇಗೆ ಹೇಳುತ್ತೀಯೋ ಹಾಗೆ. ನನ್ನ ಬುದ್ಧಿಯಿಂದ ಇನ್ನು ಏನೂ ಮಾಡುವುದಿಲ್ಲ.

ನಿನ್ನ ಅಪ್ಪ


ಜೇವರ್ಗಿ
೮ ಆಗಸ್ಟ್ ೨೦೨೫

ಅಪ್ಪಾ,

ಪೋಸ್ಟಿಗೆ ಹಾಕಿದರೆ ಸೋಮವಾರದೊಳಗೆ ಮುಟ್ಟಲಿಕ್ಕಿಲ್ಲ. ಲಾಡ್ಲೆಸಾಬ ಕಾಕಾ ಇಲ್ಲಿ ಬಜಾರಿಗೆ ಉಳ್ಳಾಗಡ್ಡಿ ತಂದಿದ್ದಾರೆ, ಅವರ ಟೆಂಪೋ ಹೊರಡುವುದರೊಳಗೆ ಇದನ್ನು ಬರೆಯುತ್ತಿದ್ದೇನೆ. ಅವರು ಹಾರ್ನ್ ಹೊಡೆಯುತ್ತಿದ್ದಾರೆ.

ಬಸ್ಸಿನವರ ಕೈಲಿ ನೀನು ಕಳಿಸಿದ ಕಾಗದ ನಿನ್ನೆ ಸಿಕ್ಕಿತು. ಮೊದಲ ಸಲ ಓದಿ ಹರಿಯಬೇಕೆಂದೆ. ಎರಡನೆಯ ಸಲ ಓದಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಾನು ನಿನ್ನನ್ನು ಹಟಮಾರಿ ಎಂದುಕೊಂಡಿದ್ದೆ. ನಿನಗೆ ಗೊತ್ತಿತ್ತು ಎಂಬುದು ನನ್ನ ಮನಸ್ಸಿಗೆ ಒಂದು ಸಲವೂ ಬಂದಿರಲಿಲ್ಲ. ನನ್ನನ್ನು ಕೂಡಿಸುವಾಗ ನಿನಗೆ ಗೊತ್ತಿತ್ತು.

ಕೈಗೆ ಪೆಟ್ಟು ಎಂದು ಹೇಳಿ ಕಳಿಸಬೇಡ. ಹಾಗೆ ಹೇಳಿದರೆ ಈ ನಲವತ್ತೊಂದು ಮಕ್ಕಳು ಉಳಿದಾರು. ಹತ್ತು ವರ್ಷದಲ್ಲಿ ಕೂತವರು, ಅದಕ್ಕೂ ಮೊದಲು ಅವ್ವ ಕೂತಾಗ ಅವಳ ಹಿಂದೆ ಕೂತವರು, ಅವರಿಗೆ ಯಾರು ಹೇಳುತ್ತಾರೆ? ಅವರಲ್ಲಿ ಇನ್ನೆಷ್ಟು ಜನ ಸೀಮಾಳ ಹಾಗೆ ಬಸುರಿಯಾಗುತ್ತಾರೆ. ನಿನಗೆ ಮುಖ ಮರೆತರೂ ಕಿವಿ ಮರೆಯುವುದಿಲ್ಲ ಎಂದು ನೀನೇ ಹೇಳುತ್ತಿದ್ದೆ. ಕೂತು ನೆನಪು ಮಾಡು, ಹೆಸರು ಬರೆದಿಡು, ಯಾವ ಊರಿಗೆ ಕೊಟ್ಟಿದ್ದಾರೆ ಎಂಬುದೂ ಬೇಕು.

ನಾನು ಭಾನುವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಹಮೀದಾಬೇಗಂ ಮೇಡಂ ಜೊತೆಗೆ ಬರುತ್ತಾರೆ. "ನಾ ಬರ್ತೇನಿ ಬೇಟಾ, ನಿನ್ನೊಬ್ಬಾಕಿನ್ನ ಆ ಮಂದಿ ಮುಂದ ನಿಂದ್ರಿಸಂಗಿಲ್ಲ" ಎಂದರು. ಆರೋಗ್ಯ ಕೇಂದ್ರದವರ ಜೊತೆ ಮಾತಾಡಿದ್ದಾರೆ, ಸೋಮವಾರ ಕಟ್ಟೆಯ ಹತ್ತಿರವೇ ರಕ್ತ ನೋಡುವ ಸಾಮಾನು ತರುತ್ತಾರೆ. ಇಲ್ಲದವರಿಗೆ ಲಸಿಕೆ, ಇದ್ದವರಿಗೆ ದವಾಖಾನೆಯ ಚೀಟಿ. ಆ ದಿನ ಯಾರ ಕಿವಿಯನ್ನೂ ಚುಚ್ಚುವುದು ಬೇಡ. ಜನರಿಗೆ ನೀನೇ ಹೇಳಬೇಕು, ನಿನ್ನ ಬಾಯಿಂದ. ಸೀಮಾಳ ಹೆಸರು ಎಲ್ಲಿಯೂ ಬರಬಾರದು. ಅವ್ವನದ್ದು ಹೇಳು, ನನ್ನದು ಹೇಳು. ಬೈದರೆ ಬೈಸಿಕೋ. ಕಲ್ಲೆತ್ತಿದರೆ ನಾನು ಪಕ್ಕದಲ್ಲೇ ಇರುತ್ತೇನೆ. ಮುಂದೆ ಈ ಜನ ನಿನ್ನ ಹತ್ತಿರ ಬರುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಬಂದರೆ ಹೊಸ ಸೂಜಿ ಹಿಡಿಯುವುದನ್ನು ನಾನೇ ಕಲಿಸುತ್ತೇನೆ, ಬರದಿದ್ದರೆ ಬಳೆ, ಸರದ ಗುಂಡು ಮಾಡಿಕೊಂಡು ಇರು.

ಸೀಮಾ ಯಾರದೋ ಫೋನು ಇಸಕೊಂಡು ನನಗೆ ಮಾಡಿದ್ದಳು. "ಕೂಸಿಗಿ ಸೂಜಿ ಹಾಕೂ ಮುಂದ ನೀ ಇರ್ಬೇಕು ನೋಡಬೇ" ಎಂದಳು. ಇರುತ್ತೇನೆ ಎಂದೆ. ಸೆಪ್ಟೆಂಬರಿಗೆ ಈಗಲೇ ರಜೆ ಬರೆದು ಕೊಟ್ಟಿದ್ದೇನೆ.

ಕೊನೆಯದಾಗಿ ಒಂದು ಮಾತು ಕೇಳುತ್ತೇನೆ, ನಡೆಸಿಕೊಡು. ಭಾನುವಾರ ಬಸ್ಸಿನಿಂದ ನಾನು ಇಳಿದಾಗ ನೀನು ಅಳಬೇಡ ಅಪ್ಪಾ. ನೀನು ಅತ್ತರೆ ನನಗೆ ಸಿಟ್ಟು ಮಾಡಲು ಆಗುವುದಿಲ್ಲ. ನನಗೆ ನಿನ್ನ ಮೇಲೆ ಸಿಟ್ಟು ಮಾಡುವುದು ಇನ್ನೂ ಬಹಳ ಇದೆ.

ಶಿವಿ